ಬಲಗೈ ಮುನಿದಾಗ

ಕಳೆದ ತಿಂಗಳು ನನ್ನ ಬಲಗೈ ಮಣಿಕಟ್ಟಿಗೆ ಪಟ್ಟಿ ಬಿತ್ತು. ಎಲ್ಲೂ ಬಿದ್ದದ್ದಲ್ಲ, ಮುರಿದದ್ದೂ ಅಲ್ಲ. ಹದಿನೈದು ವರ್ಷ ಮೌಸ್ ಹಿಡಿದ ಕೈ ಒಂದು ಬೆಳಿಗ್ಗೆ ಚಹಾದ ಕಪ್ಪು ಹಿಡಿಯಲು ಒಪ್ಪಲಿಲ್ಲ, ಅಷ್ಟೇ. ಅದಕ್ಕೂ ಮೂರು ತಿಂಗಳ ಮೊದಲಿನಿಂದಲೇ ನೋವಿತ್ತು. ಆದರೆ ಅಪ್ರೈಸಲ್ ಹತ್ತಿರ ಬಂದಾಗ ‘ನನಗೆ ಕೈ ನೋವು’ ಎಂದು ಹೇಳಿಕೊಳ್ಳುವ ಐಟಿಯವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನೋವು ಹೆಚ್ಚಾದಷ್ಟೂ ಕೆಲಸ ನಿಧಾನವಾಗುತ್ತಿತ್ತು, ನಿಧಾನವಾದಷ್ಟೂ ರಾತ್ರಿ ಇನ್ನೊಂದು ಗಂಟೆ ಹೆಚ್ಚು ಕೂರುತ್ತಿದ್ದೆ. ಕೊನೆಗೆ ಡಾಕ್ಟರು ಎರಡು ವಾರ ಕೀಬೋರ್ಡ್ ಮುಟ್ಟಲೇಬೇಡಿ ಎಂದರು. ಆಫೀಸಿಗೆ ಮಾತ್ರ ಬಚ್ಚಲುಮನೆಯಲ್ಲಿ ಜಾರಿದೆ ಎಂದು ಹೇಳಿದೆ. ಜಾರಿ ಬೀಳುವುದು ಅವಮಾನವಲ್ಲ. ಕೆಲಸ ಮಾಡಿ ಮಾಡಿ ಕೈ ಸೋತಿತು ಎನ್ನುವುದು ಮಾತ್ರ ಯಾಕೋ ಅವಮಾನ.

ಹಾವೇರಿಯಿಂದ ಅವ್ವ ಫೋನ್ ಮಾಡಿ, “ಅಷ್ಟ ಕುಟ್ಟಾಕ ಕೈ ಏನ್ ಕಬ್ಬಿಣದ್ದೇನೋ?” ಎಂದು ಬೈದಳು. ಚಿಕ್ಕಂದಿನಲ್ಲಿ ಮಗ್ಗಿ ಬಾರದೆ ನಾನು ಅತ್ತಾಗ, “ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ” ಎಂದು ಮತ್ತೆ ಮತ್ತೆ ಕೂರಿಸುತ್ತಿದ್ದವಳೂ ಅವಳೇ. ಗಾದೆಯ ಮೊದಲ ಅರ್ಧವನ್ನು ನಾವೆಲ್ಲ ನಂಬಿ ಬೆಳೆದವರು. ಮಾಡಿದಷ್ಟೂ ಬರುತ್ತದೆ, ತಿದ್ದಿದಷ್ಟೂ ಹಸನಾಗುತ್ತದೆ. ಆದರೆ ಹಾಡ್ತಾ ಹಾಡ್ತಾ ರೋಗವೇ ಬಂದರೆ?

ಆ ಪ್ರಶ್ನೆ ಬಂದಾಗ ನೆನಪಾದವರು ಲಿಯಾನ್ ಫ್ಲೈಶರ್. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಕಂಪನಿಯ ಬಸ್ಸು ನಿಂತಲ್ಲೇ ನಿಂತಾಗ ಇವರ ಪಿಯಾನೊವನ್ನು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಕೈ ಕಟ್ಟಿಕೊಂಡು ಕೂತ ಆ ಎರಡು ವಾರದಲ್ಲಿ ಅವರ ಬದುಕನ್ನೂ ಮತ್ತೆ ತಿರುವಿ ಹಾಕಿದೆ.

ಫ್ಲೈಶರ್ ಹುಟ್ಟಿದ್ದು 1928ರ ಜುಲೈನಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬ. ತಂದೆ ಹ್ಯಾಟು ಮಾಡುವವರು. ಪಿಯಾನೊ ಪಾಠ ಶುರುವಾದದ್ದು ಇವನಿಗಲ್ಲ, ಅಣ್ಣನಿಗೆ. ಪಾಠ ಮುಗಿಸಿ ಅಣ್ಣ ಆಡಲು ಓಡಿದ ಮೇಲೆ ನಾಲ್ಕು ವರ್ಷದ ತಮ್ಮ ಪಿಯಾನೊ ಹತ್ತಿ ಕೂತು, ಕೇಳಿಸಿಕೊಂಡದ್ದನ್ನೆಲ್ಲ ನುಡಿಸಿಬಿಡುತ್ತಿದ್ದ. ಪಾಠ ತಮ್ಮನಿಗೆ ವರ್ಗಾವಣೆಯಾಯಿತು. ಮಗ ಒಂದೋ ಅಮೆರಿಕದ ಅಧ್ಯಕ್ಷನಾಗಬೇಕು, ಇಲ್ಲವೇ ದೊಡ್ಡ ಪಿಯಾನೊ ವಾದಕನಾಗಬೇಕು ಎಂಬುದು ತಾಯಿಯ ಹಟ. ಇಂಥ ತಾಯಂದಿರನ್ನು ನಮ್ಮ ಅಪಾರ್ಟ್‌ಮೆಂಟುಗಳಲ್ಲೂ ನೋಡಿದ್ದೇವೆ, ಬಿಡಿ. ಆಯ್ಕೆಗಳು ಮಾತ್ರ ಬೇರೆ.

ಆ ಕಾಲದ ಮಹಾಗುರು ಆರ್ಟರ್ ಶ್ನಾಬೆಲ್. ಚಿಕ್ಕ ಮಕ್ಕಳಿಗೆ ಅವರು ಪಾಠ ಹೇಳುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಸಂಗೀತ ನಿರ್ದೇಶಕ ಆಲ್ಫ್ರೆಡ್ ಹರ್ಟ್ಸ್ ತಮ್ಮ ಮನೆಗೆ ಶ್ನಾಬೆಲ್‌ರನ್ನು ಊಟಕ್ಕೆ ಕರೆದಿದ್ದಾಗ, ಹುಡುಗನನ್ನು ನೆಲಮಾಳಿಗೆಯ ಬಾಗಿಲಿನಿಂದ ಒಳಗೆ ತಂದು ಪಿಯಾನೊ ಮುಂದೆ ಕೂರಿಸಿದರು. ಊಟ ಮುಗಿಸಿ ಬಂದ ಗುರುಗಳಿಗೆ ಕೇಳದೆ ಬೇರೆ ದಾರಿ ಇರಲಿಲ್ಲ. ಕೇಳಿದರು, ಶಿಷ್ಯನನ್ನಾಗಿ ಒಪ್ಪಿಕೊಂಡರು. ಒಂದೇ ಷರತ್ತು: ಕಲಿಯುವ ಕಾಲದಲ್ಲಿ ಕಛೇರಿ ಕೊಡಬಾರದು. 1938ರಲ್ಲಿ ಹುಡುಗ ಇಟಲಿಯ ಕೊಮೊ ಸರೋವರದ ದಡದಲ್ಲಿದ್ದ ಶ್ನಾಬೆಲ್ ಮನೆಗೆ ಹೋದ. ಯುದ್ಧ ಶುರುವಾದ ಮೇಲೆ ಪಾಠ ನ್ಯೂಯಾರ್ಕಿನಲ್ಲಿ ಮುಂದುವರಿಯಿತು. ಒಟ್ಟು ಹತ್ತು ವರ್ಷ.

ಘರಾನಾ ಎಂದರೆ ಕಿವಿ ನೆಟ್ಟಗಾಗುವ ಧಾರವಾಡದ ಕಡೆಯವರಿಗಾಗಿ ಒಂದು ಮಾತು. ಬೀಥೋವನ್ ಶಿಷ್ಯ ಚೆರ್ನಿ, ಚೆರ್ನಿಯ ಶಿಷ್ಯ ಲೆಶೆಟಿಟ್ಸ್ಕಿ, ಅವರ ಶಿಷ್ಯ ಶ್ನಾಬೆಲ್, ಅವರ ಶಿಷ್ಯ ಫ್ಲೈಶರ್. ಐದೇ ತಲೆಮಾರಿನ ಸರಪಳಿ. ಈ ಸರಪಳಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1944ರಲ್ಲಿ, ಹದಿನಾರನೆಯ ವಯಸ್ಸಿಗೆ, ಪಿಯರ್ ಮಾಂಟೂ ನಿರ್ದೇಶನದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ಬ್ರಾಮ್ಸ್‌ನ ಮೊದಲ ಕಂಚೆರ್ಟೊ ನುಡಿಸಿದರು. ಕಂಚೆರ್ಟೊ ಎಂದರೆ ಇಡೀ ವಾದ್ಯವೃಂದದ ಎದುರು ಒಬ್ಬನೇ ಕೂತು ಮಾತುಕತೆ ನಡೆಸಿದಂತೆ. 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆ ಗೆದ್ದ ಮೊದಲ ಅಮೆರಿಕನ್ ಆದರು. 1950ರ ದಶಕದ ಕೊನೆ ಹಾಗೂ 60ರ ದಶಕದ ಆರಂಭದಲ್ಲಿ ಜಾರ್ಜ್ ಸೆಲ್ ಮತ್ತು ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಜೊತೆ ಬೀಥೋವನ್‌ನ ಐದೂ ಕಂಚೆರ್ಟೊಗಳನ್ನು, ಬ್ರಾಮ್ಸ್‌ನ ಎರಡೂ ಕಂಚೆರ್ಟೊಗಳನ್ನು ರೆಕಾರ್ಡ್ ಮಾಡಿದರು. ಅರವತ್ತು ವರ್ಷ ದಾಟಿದ ಮೇಲೂ ಆ ಧ್ವನಿಮುದ್ರಣಗಳನ್ನು ಅತ್ಯುತ್ತಮವಾದವುಗಳ ಸಾಲಿನಲ್ಲೇ ಎಣಿಸುತ್ತಾರೆ. ಬಸ್ಸಿನಲ್ಲಿ ನಾನು ಕೇಳುವುದೂ ಅವನ್ನೇ.

1964. ಮನೆಯ ಹಿತ್ತಲಿನ ಕುರ್ಚಿ ಮೇಜು ಸರಿಸುವಾಗ ಬಲಗೈ ಹೆಬ್ಬೆರಳು ಕುಯ್ದು ಹೊಲಿಗೆ ಬಿತ್ತು. ಗಾಯ ಮಾಯಿತು, ಆದರೆ ಕೈ ಮೊದಲಿನಂತಾಗಲಿಲ್ಲ. ಬೆರಳಿಗೆ ಏನೋ ಜಡ. ಮುಂದಿನ ವರ್ಷ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಜೊತೆ ಸೋವಿಯತ್ ಒಕ್ಕೂಟದ ದೊಡ್ಡ ಪ್ರವಾಸ ಗೊತ್ತಾಗಿತ್ತು. ಆಗ ಫ್ಲೈಶರ್ ಮಾಡಿದ್ದು ನಾವೆಲ್ಲರೂ ಮಾಡುವುದನ್ನೇ. ಬೆರಳು ಮಾತು ಕೇಳದಿದ್ದರೆ ಅಭ್ಯಾಸ ಸಾಲದು ಎಂದರ್ಥ. ಸರಿ, ಇನ್ನಷ್ಟು ಅಭ್ಯಾಸ. ನುಡಿಸಿದಷ್ಟೂ ಕೈ ಕೆಟ್ಟಿತು, ಕೆಟ್ಟಷ್ಟೂ ನುಡಿಸಿದರು. ತಿಂಗಳುಗಳಲ್ಲಿ ಬಲಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ತಾವಾಗಿಯೇ ಅಂಗೈಯೊಳಕ್ಕೆ ಮಡಚಿಕೊಂಡವು. ಬಿಡಿಸಿದರೂ ಕೀಗಳ ಮೇಲೆ ನಿಲ್ಲುತ್ತಿರಲಿಲ್ಲ. ಪ್ರವಾಸಕ್ಕೆ ಮುಂಚೆ ಇವರ ವಾದನ ಕೇಳಿದ ಸೆಲ್, ನೀವು ಬರುವುದು ಬೇಡ ಎಂದರು. ಫ್ಲೈಶರ್‌ಗೆ ಆಗ 36 ವರ್ಷ. ಬಲಗೈಯೇ ಕೈಕೊಟ್ಟಿತ್ತು.

ಹೆಸರೇ ಗೊತ್ತಿಲ್ಲದ ಕಾಯಿಲೆ. ಚುಚ್ಚುಮದ್ದು, ಮಾಲೀಸು, ಮನೋವೈದ್ಯರು, ಸಂಮೋಹನ, ಯಾರು ಏನು ಹೇಳಿದರೂ ಮಾಡಿ ನೋಡಿದರು. ಎಷ್ಟೋ ವೈದ್ಯರಿಗೆ ಕೈಯಲ್ಲಿ ಯಾವ ದೋಷವೂ ಕಾಣಲಿಲ್ಲ. ಅದಕ್ಕೆ ‘ಫೋಕಲ್ ಡಿಸ್ಟೋನಿಯಾ’ ಎಂಬ ಹೆಸರು ಸಿಕ್ಕಿದ್ದು 1991ರಲ್ಲಿ. ಅಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು.

ನಮ್ಮ ಭಾಷೆಯಲ್ಲೇ ಹೇಳುವುದಾದರೆ ಹಾರ್ಡ್‌ವೇರ್ ಸರಿಯಾಗಿಯೇ ಇತ್ತು, ಕೆಟ್ಟದ್ದು ಸಾಫ್ಟ್‌ವೇರ್. ಮೆದುಳಿನಲ್ಲಿ ಒಂದೊಂದು ಬೆರಳಿಗೂ ಒಂದೊಂದು ಜಾಗ ಇರುತ್ತದೆ. ಹೊಲಕ್ಕೆ ಬದು ಇದ್ದಂತೆ ಅವುಗಳ ನಡುವೆ ಗಡಿ ಇರುತ್ತದೆ. ಒಂದೇ ಸೂಕ್ಷ್ಮ ಚಲನೆಯನ್ನು ವರ್ಷಗಟ್ಟಲೆ ಅತಿಯಾಗಿ ಮಾಡಿದಾಗ ಕೆಲವರಲ್ಲಿ ಆ ಬದುಗಳು ಅಳಿಸಿಹೋಗುತ್ತವೆ. ಒಂದು ಬೆರಳನ್ನು ಕರೆದರೆ ಇನ್ನೊಂದೂ ಓಡಿ ಬರುತ್ತದೆ. ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಬೇರೆ ಕೆಲಸಕ್ಕೆ ಸರಿಯಾಗಿರುವ ಕೈ, ಪ್ರಾಣವಿಟ್ಟು ಕಲಿತ ಆ ಒಂದು ಕೆಲಸಕ್ಕೆ ಮಾತ್ರ ಬಾರದೆ ಹೋಗಬಹುದು. ವೃತ್ತಿಯಲ್ಲಿರುವ ಸಂಗೀತಗಾರರಲ್ಲಿ ನೂರಕ್ಕೆ ಒಬ್ಬರಿಗಾದರೂ ಇದು ಬರುತ್ತದೆಂದು ಅಂದಾಜು. 19ನೇ ಶತಮಾನದಲ್ಲಿ ಬಲಗೈ ಬೆರಳು ಸೋತು ವಾದನ ಬಿಟ್ಟು ರಚನೆಗೆ ತಿರುಗಿದ ಶೂಮನ್‌ಗೂ ಇದೇ ಆಗಿರಬಹುದು ಎಂಬುದು ಇಂದಿನ ಕೆಲವು ವೈದ್ಯರ ಊಹೆ. ಅಂದರೆ ಇದು ಸೋಮಾರಿಗೆ ಬರುವ ರೋಗವಲ್ಲ. ಹಾಡ್ತಾ ಹಾಡ್ತಾ ಬರುವ ರೋಗ.

ಮುಂದಿನ ಎರಡು ವರ್ಷ ಫ್ಲೈಶರ್ ಪಾಲಿಗೆ ಕತ್ತಲೆ. ಸಂಸಾರ ಮುರಿಯಿತು. ಗಡ್ಡ, ಜುಟ್ಟು ಬಿಟ್ಟು, ಸ್ಕೂಟರ್ ಹತ್ತಿ ತಿರುಗಿದರು. ಸಾಯುವ ಯೋಚನೆಯೂ ಬಂದಿತ್ತೆಂದು ಮುಂದೆ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ನಾಲ್ಕನೆಯ ವಯಸ್ಸಿನಿಂದ ಒಂದೇ ಗುರುತು ಇಟ್ಟುಕೊಂಡು ಬೆಳೆದವನಿಗೆ ಆ ಗುರುತು ಹೋದರೆ ಉಳಿಯುವುದೇನು? ಕೆಲಸ ಕಳೆದುಕೊಂಡ ಗೆಳೆಯನೊಬ್ಬ ಮೂರು ತಿಂಗಳು ದಿನಾ ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿ ಮನೆಯಿಂದ ಹೊರಬೀಳುತ್ತಿದ್ದ. ಅವನ ಮುಖ ನನಗೆ ಇಲ್ಲಿ ನೆನಪಾಗುತ್ತದೆ.

ಫ್ಲೈಶರ್‌ರನ್ನು ಎತ್ತಿ ನಿಲ್ಲಿಸಿದ್ದು ಒಂದು ಸಣ್ಣ ಅರಿವು. ತನ್ನ ನಂಟು ಇರುವುದು ಸಂಗೀತದ ಜೊತೆ, ಎರಡು ಕೈಗಳಿಂದ ಪಿಯಾನೊ ನುಡಿಸುವುದರ ಜೊತೆಗಲ್ಲ. ಕೇಳಲು ಸುಲಭ, ಆದರೆ ಅಲ್ಲಿಗೆ ತಲುಪಲು ಎರಡು ವರ್ಷ ಹಿಡಿಯಿತು. ತಲುಪಿದ ಮೇಲೆ ಮೂರು ಬಾಗಿಲು ತೆರೆದವು.

ಮೊದಲನೆಯದು ಪಾಠ. 1959ರಿಂದಲೇ ಬಾಲ್ಟಿಮೋರ್‌ನ ಪೀಬಾಡಿ ಸಂಗೀತ ಶಾಲೆಯಲ್ಲಿ ಕಲಿಸುತ್ತಿದ್ದರು. ಶಿಷ್ಯ ತಪ್ಪಿದಾಗ ಮೊದಲೆಲ್ಲ ಅವನನ್ನು ಪಕ್ಕಕ್ಕೆ ಸರಿಸಿ ತಾವೇ ನುಡಿಸಿ ತೋರಿಸಿದರೆ ಮುಗಿಯುತ್ತಿತ್ತು. ಈಗ ತೋರಿಸಲು ಕೈ ಇಲ್ಲ. ಬೆರಳಿನಲ್ಲಿದ್ದದ್ದನ್ನೆಲ್ಲ ಮಾತಿಗೆ ತರಬೇಕಾಯಿತು. ಈ ಸ್ವರ ಯಾಕೆ ತುಸು ಕಾಯಬೇಕು, ಆ ಸಾಲು ಎಲ್ಲಿಗೆ ಹೋಗಿ ಇಳಿಯಬೇಕು ಎಂದು ಪದ ಹುಡುಕಿ ಹೇಳಬೇಕಾಯಿತು. ಇದರಿಂದಲೇ ತಾನು ಒಳ್ಳೆಯ ಮೇಷ್ಟರಾದೆ ಎಂದು ಅವರು ನಂಬಿದ್ದರು. ಆಂಡ್ರೆ ವಾಟ್ಸ್, ಯೆಫಿಮ್ ಬ್ರಾನ್ಫ್‌ಮನ್, ಜೊನಾಥನ್ ಬಿಸ್ ಮೊದಲಾದವರು ಅವರ ಬಳಿ ಕಲಿತರು. ಬೀಥೋವನ್‌ನಿಂದ ಬಂದ ಸರಪಳಿ ತುಂಡಾಗಲಿಲ್ಲ.

ಎರಡನೆಯದು ವಾದ್ಯವೃಂದದ ನಿರ್ದೇಶನ. ಕೈಕೋಲು ಹಿಡಿಯಲು ಅಡ್ಡಿಯಿರಲಿಲ್ಲ. 1967ರಲ್ಲಿ ವಾಷಿಂಗ್ಟನ್ನಿನಲ್ಲಿ ಗೆಳತಿ ಡೈನಾ ಕಾಸ್ಟನ್ ಜೊತೆ ಥಿಯೇಟರ್ ಚೇಂಬರ್ ಪ್ಲೇಯರ್ಸ್ ಎಂಬ ಪುಟ್ಟ ತಂಡ ಕಟ್ಟಿದರು. ಆಮೇಲೆ ಅನಾಪೊಲಿಸ್, ಬಾಲ್ಟಿಮೋರ್ ವಾದ್ಯವೃಂದಗಳು ಬಂದವು.

ಮೂರನೆಯದು ಎಡಗೈ. ‘ಎಡಗೈಲಿ ಕೊಡಬೇಡ’ ಎಂದು ಬೈಸಿಕೊಂಡು ಬೆಳೆದ ನಮಗೆ ಎಡಗೈ ಎಂದರೆ ಸ್ವಲ್ಪ ಅಸಡ್ಡೆಯೇ. ಪಿಯಾನೊದಲ್ಲೂ ಹೆಚ್ಚಾಗಿ ರಾಗ ಬಲಗೈಗೆ, ಹಿಮ್ಮೇಳ ಎಡಗೈಗೆ. ನಮ್ಮ ಕಡೆಯ ಪೇಟಿ ಮಾಸ್ತರರು ಒಂದು ಕೈಯಿಂದ ಗಾಳಿ ಹಾಕುತ್ತ ಇನ್ನೊಂದೇ ಕೈಯಲ್ಲಿ ಜೀವಮಾನವಿಡೀ ನುಡಿಸಿದವರು, ನಿಜ. ಆದರೆ ಪಿಯಾನೊದಲ್ಲಿ ರಾಗ, ಹಿಮ್ಮೇಳ ಎರಡನ್ನೂ ಒಟ್ಟಿಗೆ ಕೇಳಿಸಬೇಕು. ಎಡಗೈಗೆಂದೇ ಬರೆದ ಕೃತಿಗಳಲ್ಲಿ ರಾಗದ ಭಾರವನ್ನು ಬಹುಪಾಲು ಹೆಬ್ಬೆರಳು ಹೊರುತ್ತದೆ. ಕೆಳಗಿನ ಮಂದ್ರ ಸ್ವರವನ್ನು ಒತ್ತಿ, ಕಾಲಿನ ಪೆಡಲಿನಿಂದ ಅದನ್ನು ಹಿಡಿದಿಟ್ಟು, ಅದು ಆರುವುದರೊಳಗೆ ಕೈ ಮೇಲಕ್ಕೆ ಹಾರಬೇಕು. ಕಣ್ಣು ಮುಚ್ಚಿ ಕೇಳಿದರೆ ಎರಡು ಕೈ ಇವೆ ಎಂದೇ ಅನ್ನಿಸುತ್ತದೆ.

ಇಂಥ ಕೃತಿಗಳು ಇದ್ದದ್ದಾದರೂ ಹೇಗೆ? ಅದರ ಹಿಂದೆ ಇನ್ನೊಬ್ಬನ ಕಳೆದುಹೋದ ಕೈ ಇದೆ. ವಿಯೆನ್ನಾದ ಪಾಲ್ ವಿಟ್‌ಗೆನ್‌ಸ್ಟೈನ್, ತತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್‌ರ ಅಣ್ಣ. ಮೊದಲ ಮಹಾಯುದ್ಧದ ಆರಂಭದಲ್ಲೇ ಬಲಗೈ ಕಳೆದುಕೊಂಡ. ಸೈಬೀರಿಯಾದ ಸೆರೆಯಲ್ಲಿ ಮರದ ಪೆಟ್ಟಿಗೆಯ ಮೇಲೆ ಇದ್ದಿಲಿನಿಂದ ಕೀಬೋರ್ಡ್ ಬರೆದುಕೊಂಡು ಎಡಗೈ ಅಭ್ಯಾಸ ಮಾಡಿದ. ಊರಿಗೆ ಮರಳಿದ ಮೇಲೆ, ಮನೆತನದ ಹಣವಿತ್ತು, ದೊಡ್ಡ ದೊಡ್ಡ ಸಂಗೀತಕಾರರಿಂದ ಎಡಗೈಗೆಂದೇ ಕೃತಿ ಬರೆಸಿದ. ರವೆಲ್ ಬರೆದ ಎಡಗೈ ಕಂಚೆರ್ಟೊ ಅವುಗಳಲ್ಲಿ ಶಿಖರ. ಪ್ರೊಕೊಫಿಯೆವ್ ಬರೆದುಕೊಟ್ಟದ್ದು ಅವನಿಗೆ ಹಿಡಿಸಲಿಲ್ಲ, ನುಡಿಸಲೇ ಇಲ್ಲ. ಹಿಂಡೆಮಿತ್ 1923ರಲ್ಲಿ ಬರೆದುಕೊಟ್ಟದ್ದನ್ನು ತಾನೂ ನುಡಿಸಲಿಲ್ಲ, ಬೇರೆಯವರಿಗೂ ಕೊಡಲಿಲ್ಲ. ಅವನ ಹೆಂಡತಿ ತೀರಿಕೊಂಡ ಮೇಲೆ 2002ರಲ್ಲಿ ಅದರ ಹಸ್ತಪ್ರತಿ ಸಿಕ್ಕಿತು. 2004ರ ಡಿಸೆಂಬರಿನಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಅದನ್ನು ಮೊದಲ ಬಾರಿಗೆ ಲೋಕಕ್ಕೆ ಕೇಳಿಸಿದವರು 76 ವರ್ಷದ ಫ್ಲೈಶರ್. ಎಂಬತ್ತು ವರ್ಷ ಕಾದು ಕೂತ ಸಂಗೀತ ಅದು.

ಫ್ಲೈಶರ್‌ರ ವಾರಿಗೆಯ ಗ್ಯಾರಿ ಗ್ರಾಫ್‌ಮನ್ ಎಂಬ ಪಿಯಾನೊ ವಾದಕರಿಗೂ 1970ರ ದಶಕದ ಕೊನೆಗೆ ಬಲಗೈ ಕೈಕೊಟ್ಟಿತು. ಇವರಿಬ್ಬರಿಗಾಗಿಯೇ ವಿಲಿಯಂ ಬೋಲ್ಕಮ್ ಎರಡು ಎಡಗೈಗಳ ಕಂಚೆರ್ಟೊ ಬರೆದರು. 1996ರಲ್ಲಿ ಬಾಲ್ಟಿಮೋರ್‌ನಲ್ಲಿ ಒಂದೇ ವೇದಿಕೆಯ ಮೇಲೆ ಇಬ್ಬರು, ಎರಡು ಪಿಯಾನೊ, ಎರಡೂ ಎಡಗೈ!

ಕಥೆಯನ್ನು ಇಲ್ಲಿಗೆ ಮುಗಿಸಿದರೆ ವಾಟ್ಸಾಪ್‌ನಲ್ಲಿ ಬರುವ ‘ಸ್ಫೂರ್ತಿ ಕಥೆ’ ಆಗಿಬಿಡುತ್ತದೆ. ಬದುಕು ಅಷ್ಟು ನೇರವಾಗಿರಲಿಲ್ಲ. ಶಸ್ತ್ರಚಿಕಿತ್ಸೆಯೊಂದರ ನಂತರ, 1982ರ ಸೆಪ್ಟೆಂಬರಿನಲ್ಲಿ, ಬಾಲ್ಟಿಮೋರ್‌ನ ಹೊಸ ಮೈಯರ್‌ಹಾಫ್ ಸಭಾಂಗಣದ ಉದ್ಘಾಟನೆಗೆ ಎರಡೂ ಕೈಗಳಿಂದ ನುಡಿಸುವುದೆಂದು ತೀರ್ಮಾನವಾಯಿತು. ಬೀಥೋವನ್‌ನ ನಾಲ್ಕನೆಯ ಕಂಚೆರ್ಟೊ ನುಡಿಸಬೇಕಿತ್ತು. ಅದು ಆಗದೆಂದು ಕಂಡು ಫ್ರಾಂಕ್‌ನ ಕೃತಿಯೊಂದನ್ನು ಆರಿಸಿಕೊಂಡರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಪತ್ರಿಕೆಗಳು ಪುನರ್ಜನ್ಮ ಎಂಬಂತೆ ಬರೆದವು. ಆದರೆ ಕೈ ಸರಿಯಾಗಿಲ್ಲವೆಂದು ಕೈಗೆ ಗೊತ್ತಿತ್ತು. ಫ್ಲೈಶರ್ ಆ ಚಪ್ಪಾಳೆಯನ್ನು ನಂಬಲಿಲ್ಲ. ಮುಂದೆ ಗೊತ್ತುಮಾಡಿದ್ದ ಎರಡು ಕೈ ಕಛೇರಿಗಳನ್ನು ಬಿಟ್ಟು ಮತ್ತೆ ಎಡಗೈಗೆ ಮರಳಿದರು. ಅವರ ಇಡೀ ಬದುಕಿನಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಈ ಹೆಜ್ಜೆ. ಊರೆಲ್ಲ ‘ವಾಸಿಯಾಯಿತು’ ಎನ್ನುವಾಗ ‘ಇಲ್ಲ’ ಎಂದು ಒಪ್ಪಿಕೊಳ್ಳುವುದು.

1990ರ ದಶಕದಲ್ಲಿ, ಕಾಯಿಲೆಗೆ ಹೆಸರು ಸಿಕ್ಕ ಮೇಲೆ, ಬೊಟಾಕ್ಸ್ ಬಂತು. ಮುಖದ ಸುಕ್ಕು ಬಿಡಿಸಲು ಸಿನಿಮಾದವರು ಹಾಕಿಸಿಕೊಳ್ಳುವ ಅದೇ ಚುಚ್ಚುಮದ್ದು. ನರ ಸ್ನಾಯುವಿಗೆ ಕೊಡುವ ಅಪ್ಪಣೆಯನ್ನು ಅದು ಕೆಲವು ತಿಂಗಳ ಮಟ್ಟಿಗೆ ತಡೆಯುತ್ತದೆ. ಜೊತೆಗೆ ರೋಲ್ಫಿಂಗ್ ಎಂಬ ಆಳವಾದ ಅಂಗಮರ್ದನ. ಮಡಚಿದ ಬೆರಳುಗಳು ನಿಧಾನಕ್ಕೆ ಬಿಚ್ಚಿಕೊಂಡವು. 1995ರಲ್ಲಿ ಮತ್ತೆ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಜೊತೆ ಎರಡೂ ಕೈಯಲ್ಲಿ ಮೊಜಾರ್ಟ್ ನುಡಿಸಿದರು. ಪ್ರವಾಸ ತಪ್ಪಿ ಮೂವತ್ತು ವರ್ಷವಾಗಿತ್ತು. 2004ರಲ್ಲಿ ಬಂದ ಆಲ್ಬಮ್ಮಿಗೆ ಇಟ್ಟ ಹೆಸರೇ ‘ಟು ಹ್ಯಾಂಡ್ಸ್’. ಅದರಲ್ಲಿ ಬಾಖ್‌ನ ಪುಟ್ಟ ರಚನೆಗಳಿವೆ, ಶೂಬರ್ಟ್ ತನ್ನ ಕೊನೆಯ ವರ್ಷ ಬರೆದ ದೀರ್ಘ ಸೊನಾಟಾ ಇದೆ. 36ರ ವಯಸ್ಸಿನ ವೇಗವನ್ನು ಅದರಲ್ಲಿ ಹುಡುಕಬೇಡಿ. ಒಂದೊಂದು ಸ್ವರವನ್ನೂ ಕೈಯಲ್ಲಿ ಹಿಡಿದು ನೋಡಿ ಕೆಳಗಿಟ್ಟಂತಿದೆ. ಕಾಯಿಲೆ ಪೂರ್ತಿ ಹೋಗಿರಲಿಲ್ಲ. ಚಿಕಿತ್ಸೆ ನಡೆಯುತ್ತಲೇ ಇತ್ತು, ಕೈ ಕೊನೆಯವರೆಗೂ ಎಚ್ಚರ ಬೇಡುತ್ತಿತ್ತು. 2020ರ ಆಗಸ್ಟಿನಲ್ಲಿ, 92ನೆಯ ವಯಸ್ಸಿನಲ್ಲಿ, ಬಾಲ್ಟಿಮೋರ್‌ನಲ್ಲೇ ತೀರಿಕೊಂಡರು.

ಮತ್ತೊಮ್ಮೆ ಬದುಕಲು ಬಿಟ್ಟರೂ ಇದನ್ನೆಲ್ಲ ಬದಲಾಯಿಸುತ್ತೇನೆಂದು ಹೇಳಲಾರೆ ಎಂಬರ್ಥದ ಮಾತನ್ನು ಅವರು ಆಡಿದ್ದಾರೆ. ಹಾಗೆ ಹೇಳುವ ಹಕ್ಕು ಅವರದು. ಅವರ ಪರವಾಗಿ ನಾವು ‘ಆಗಿದ್ದೆಲ್ಲ ಒಳ್ಳೆಯದಕ್ಕೇ’ ಎನ್ನಬಾರದು. ಮೂವತ್ತು ವರ್ಷದ ಬೀಥೋವನ್, ಮೊಜಾರ್ಟ್ ನುಡಿಸದೇ ಹೋದದ್ದು ನಷ್ಟವೇ. ಆ ನಷ್ಟದ ಪಕ್ಕದಲ್ಲೇ ಬೇರೊಂದು ಬೆಳೆ ಬಂತು, ಅಷ್ಟೇ ಹೇಳಬಹುದು.

ನನ್ನ ಎರಡು ವಾರವನ್ನು ಅವರ ಮೂವತ್ತು ವರ್ಷದ ಪಕ್ಕ ಇಡುವಷ್ಟು ದಡ್ಡ ನಾನಲ್ಲ. ಆದರೂ ಒಂದು ಸಣ್ಣ ಘಟನೆ ಹೇಳಬೇಕು. ನಮ್ಮ ಟೀಮಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿದ್ದಾಳೆ. ಅವಳ ಕೋಡ್ ಎಲ್ಲಿಯಾದರೂ ಸಿಕ್ಕಿಬಿದ್ದರೆ ‘ಕಂಟ್ರೋಲ್ ಕೊಡು’ ಎಂದು ಅವಳ ಸ್ಕ್ರೀನನ್ನು ನಾನೇ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಸರಿಮಾಡಿಬಿಡುತ್ತಿದ್ದೆ. ಅದನ್ನೇ ಕಲಿಸುವುದು ಎಂದುಕೊಂಡಿದ್ದೆ. ಕೈಗೆ ಪಟ್ಟಿ ಬಿದ್ದ ವಾರ ಅವಳು ಮತ್ತೆ ಕರೆ ಮಾಡಿದಳು. ಈ ಸಲ ಬಾಯಲ್ಲೇ ಹೇಳಬೇಕಾಯಿತು. ಇಲ್ಲಿ ಯಾಕೆ ನೋಡಬೇಕು, ಇದನ್ನು ಯಾಕೆ ಮೊದಲು ಅನುಮಾನಿಸಬೇಕು ಎಂದು. ನಲವತ್ತು ನಿಮಿಷ ಹಿಡಿಯಿತು. ಮಧ್ಯೆ ಅವಳು “ಈ ಸಾಲು ಯಾಕೆ ಬೇಕು?” ಎಂದು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ವರ್ಷಗಳಿಂದ ಬೆರಳು ಬರೆಯುತ್ತಿತ್ತು, ತಲೆ ಕೇಳಿರಲಿಲ್ಲ. ಮುಂದಿನ ವಾರ ಅಂಥದ್ದೇ ತೊಂದರೆ ಬಂದಾಗ ಅವಳು ನನಗೆ ಕರೆ ಮಾಡಲೇ ಇಲ್ಲ.

ಮೊನ್ನೆ ಪಟ್ಟಿ ಬಿಚ್ಚಿದ ದಿನ ಅವ್ವ ಮತ್ತೆ ಫೋನ್ ಮಾಡಿದ್ದಳು. ಫ್ಲೈಶರ್ ಕಥೆಯನ್ನು ಅವಳಿಗೆ ಪೂರ್ತಿ ಹೇಳಿದೆ. ಸಂಗೀತದ ಭಾಗಕ್ಕೆಲ್ಲ ಹೂಂಗುಟ್ಟಿದವಳು ಅಭ್ಯಾಸ ಹೆಚ್ಚು ಮಾಡಿದ ಕಡೆಗೆ ಬಂದಾಗ ತಡೆದಳು. “ಬ್ಯಾನಿ ಆದ ಕೈಗೆ ಮತ್ತಿಷ್ಟು ಕೆಲಸಾ ಕೊಟ್ಟನೇನು? ಎತ್ತಿನ ಹೆಗಲ ಹುಣ್ಣಾದ್ರ ನಾವು ನಾಕ್ ದಿನಾ ನೊಗಾ ಹೂಡಂಗಿಲ್ಲ.” ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, “ಅಂವಾ ಹೋಗ್ಲಿ. ನೀ ಆಫೀಸಿನ್ಯಾಗ ಖರೇ ಹೇಳಿದ್ಯೇನು?”

ನನ್ನ ಬಳಿ ಉತ್ತರ ಇರಲಿಲ್ಲ. ಮರುದಿನ ಮ್ಯಾನೇಜರಿಗೆ ಫೋನ್ ಮಾಡಿ, ನಾನು ಬಚ್ಚಲಲ್ಲಿ ಜಾರಿರಲಿಲ್ಲ, ಕೈ ಕೆಲಸದಿಂದಲೇ ಹೀಗಾದದ್ದು, ಮೂರು ತಿಂಗಳು ಮುಚ್ಚಿಟ್ಟಿದ್ದೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ತಗ್ಗಿದ ದನಿಯಲ್ಲಿ ಡಾಕ್ಟರ ನಂಬರ್ ಕೇಳಿದರು. ಅವರ ಕತ್ತಿಗಂತೆ. ಎರಡು ವರ್ಷದಿಂದ.